ಬೇಡ ಎನ್ನಲು ಬಾರದವರ ಚರ್ಚಾ ತಂಡ

ನಮ್ಮ ದೊಡ್ಡಮ್ಮನಿಗೆ ಸಿಟ್ಟು ಬರಿಸುವುದು ಬಹಳ ಸುಲಭ. ಅವರು ಹೇಳಿದ್ದಕ್ಕೆ ‘ಹೌದು’ ಅಂದರೆ ಸಾಕು!

ಬೇರೆಯವರ ಮನೆಯಲ್ಲಿ ಎದುರುತ್ತರ ಕೊಟ್ಟರೆ ಜಗಳ. ಮೈಸೂರಿನ ರಾಮಕೃಷ್ಣನಗರದ ಇವರ ಮನೆಯಲ್ಲಿ ಒಪ್ಪಿಕೊಂಡರೆ ಜಗಳ. “ಇವತ್ತು ಸೆಕೆ ಜಾಸ್ತಿ ಅಲ್ವೇನೋ?” ಎನ್ನುತ್ತಾರೆ. “ಹೌದು ದೊಡ್ಡಮ್ಮ” ಎನ್ನುತ್ತೇನೆ. “ಏನು ಹೌದು? ನಿನ್ನೆಗಿಂತ ಕಮ್ಮಿ ಇದೆ. ಸ್ವಲ್ಪ ಯೋಚನೆ ಮಾಡಿ ಮಾತಾಡು!” ಆಮೇಲೆ ನನಗೆ ಸೆಕೆಯಾಗುತ್ತಿದೆಯೋ ಚಳಿಯಾಗುತ್ತಿದೆಯೋ ತಿಳಿಯದೆ ಫ್ಯಾನಿನ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತಿರುತ್ತೇನೆ. ಎಂ.ಎ. ಓದಿದವನು!

ದೊಡ್ಡಪ್ಪ ಇದ್ದಾಗ ಈ ತೊಂದರೆ ಇರಲಿಲ್ಲ. ದೊಡ್ಡಮ್ಮ ಮೂಡಣ ಎಂದರೆ ಅವರು ಪಡುವಣ. ಸಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಎಂದು ಬೆಳಗಿನ ಕಾಫಿಗೆ ಹೊತ್ತಿಕೊಂಡ ವಾದ ಊಟದ ಹೊತ್ತಿಗೂ ಆರುತ್ತಿರಲಿಲ್ಲ. ಅಷ್ಟರಲ್ಲಿ ಇಬ್ಬರೂ ಪಕ್ಷ ಬದಲಿಸಿರುತ್ತಿದ್ದರು. (ನನ್ನ ನೆನಪು ಹೀಗೆ. ಪಕ್ಷ ಬದಲಿಸುತ್ತಿದ್ದವರು ದೊಡ್ಡಮ್ಮ ಒಬ್ಬರೇ ಎನ್ನುತ್ತಾಳೆ ನಮ್ಮಮ್ಮ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಡಿ.) ದೊಡ್ಡಪ್ಪ ತೀರಿಕೊಂಡ ಮೇಲೆ ಬಂಧುಬಳಗವೆಲ್ಲ ಕನಿಕರದಿಂದ ದೊಡ್ಡಮ್ಮನ ಮಾತಿಗೆಲ್ಲ ಹೂಂಗುಟ್ಟತೊಡಗಿತು. “ಒಬ್ಬರಾದ್ರೂ ಇಲ್ಲ ಅನ್ನಲ್ಲ ಕಣೋ. ಗೋಡೆ ಜೊತೆ ಮಾತಾಡ್ದಂಗಾಗುತ್ತೆ” ಎಂದರು ಒಂದು ದಿನ. ನಾನೇನು ಹೇಳಿದೆ? “ಹೌದು ದೊಡ್ಡಮ್ಮ!”

ಬಹುಶಃ ಅದಾದ ಮೇಲೇ ಅವರಿಗೆ ಚರ್ಚಾ ತಂಡ ಕಟ್ಟುವ ಹುಚ್ಚು ಹತ್ತಿದ್ದು. ಇಲವಾಲದ ಕಡೆಯ ಒಂದು ಪುಟ್ಟ ಹೈಸ್ಕೂಲಿನಲ್ಲಿ ಅವರು ಸಮಾಜ ಪಾಠದ ಟೀಚರು. ತಂಡ ಕಟ್ಟುತ್ತೇನೆ ಎಂದಾಗ ಹೆಡ್‌ಮಾಸ್ಟರು “ಆಗಲಿ ಮೇಡಂ” ಎಂದು ತಕ್ಷಣ ಒಪ್ಪಿಬಿಟ್ಟರಂತೆ. ಅದಕ್ಕೆ ಎರಡು ದಿನ ಅವರ ಮೇಲೂ ಸಿಟ್ಟು.

ನಮ್ಮಲ್ಲಿ ಚರ್ಚಾಸ್ಪರ್ಧೆಯೆಂದರೆ ಒಂದು ಶಾಲೆಯಿಂದ ಇಬ್ಬರು ಹೋಗಬೇಕು. ಒಬ್ಬರು ಪರ, ಇನ್ನೊಬ್ಬರು ವಿರೋಧ. ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಹಿಗ್ಗಾಮುಗ್ಗಾ ಖಂಡಿಸಬೇಕು, ಆಮೇಲೆ ಒಟ್ಟಿಗೆ ಪಾರಿತೋಷಕ ಹೊತ್ತುಕೊಂಡು ಮನೆಗೆ ಬರಬೇಕು. “ಥೇಟ್ ಸಂಸಾರ ಕಣೋ” ಎಂದರು ದೊಡ್ಡಮ್ಮ.

ಪರಕ್ಕೆ ಇಡೀ ತರಗತಿಯೇ ಕೈಯೆತ್ತಿತು. ವಿರೋಧಕ್ಕೆ ಯಾರೂ ಇಲ್ಲ! ಕೊನೆಗೆ ಪರಕ್ಕೆ ಸಿಂಚನಾ. ವಿರೋಧಕ್ಕೆ ಅವಳದೇ ಬೆಂಚಿನ ಗೆಳತಿ ಕಾವ್ಯ. ಕಾವ್ಯಳನ್ನು ಆರಿಸಿದ್ದೇಕೆಂದರೆ ಅವಳು ಆ ದಿನ ಗೈರುಹಾಜರಾಗಿದ್ದಳು.

ಭಾನುವಾರ ಅಭ್ಯಾಸ ದೊಡ್ಡಮ್ಮನ ಮನೆಯಲ್ಲಿ. ತೀರ್ಪುಗಾರನಾಗಿ ನನ್ನನ್ನು ಜಯಲಕ್ಷ್ಮೀಪುರಂನ ನಮ್ಮ ಮನೆಯಿಂದ ಕರೆಸಿದರು. ವಿಷಯ: ‘ದೋಸೆಗೆ ಸಾಗು ಇರಲೇಬೇಕು’. ಸಿಂಚನಾ ಕೈ ಬೀಸಿ ಬೀಸಿ ಮಾತಾಡಿದಳು. ಕಾವ್ಯ ಎದ್ದು ಗೆಳತಿಯ ಮುಖವನ್ನೇ ಅಕ್ಕರೆಯಿಂದ ನೋಡಿದಳು.

“ಅವ್ಳೇಳಿದ್ದು ದಿಟ ಅಲ್ವಾ ಮಿಸ್?”

“ನೀನು ವಿರೋಧ ಕಣಮ್ಮ!”

“ಗೊತ್ತು ಮಿಸ್. ಆದ್ರೆ ಪಾಪ, ಅಷ್ಟು ಚೆನ್ನಾಗೇಳಿದ್ಲು. ಎಂಗೆ ಇಲ್ಲ ಅನ್ನೋದು?”

ದೊಡ್ಡಮ್ಮ ನನ್ನ ಕಡೆ ತಿರುಗಿ “ಯಾರು ಗೆದ್ದರು?” ಎಂದರು. “ಇಬ್ಬರೂ” ಎಂದೆ. ಆಮೇಲೆ ನಡೆದದ್ದನ್ನು ಬರೆಯುವುದು ಬೇಡ.

ಮುಂದಿನ ವಾರ ಅವರೇ ರೋಗ ಪತ್ತೆಮಾಡಿದ್ದರು. “ನಮ್ಮೂರಲ್ಲಿ ಯಾರಾದ್ರೂ ಕಾಫಿ ಬೇಡ ಅಂದ್ರೆ ಏನರ್ಥ?”

“ಇನ್ನೊಂದು ಸಲ ಕೇಳಿ ಅಂತ” ಎಂದೆ.

“ಅದೇ! ಈ ಮಕ್ಳು ಹುಟ್ಟಿದಾಗಿಂದ ಹೇಳಿರೋದೆಲ್ಲ ಅದೇ ಬೇಡ. ನಿಜವಾದ ಬೇಡ ಇವರ ಬಾಯಲ್ಲಿ ಬಂದೇ ಇಲ್ಲ!”

ರೋಗಕ್ಕೆ ಮದ್ದು, ಒಂದು ತಟ್ಟೆ ಕೋಡುಬಳೆ. ಎಷ್ಟೇ ಬಲವಂತ ಮಾಡಿದರೂ ಕಾವ್ಯ ಅದನ್ನು ಮುಟ್ಟಬಾರದು.

“ತಗೊಳಮ್ಮ.”

“ಬೇಡ ಮಿಸ್.”

“ಪರವಾಗಿಲ್ಲ, ತಗೋ.”

“ಅಯ್ಯೋ, ಬೇಡ ಮಿಸ್.”

“ನಾನೇ ಕೈಯಾರೆ ಮಾಡಿದ್ದು. ತಗೊಳ್ದೇ ಇದ್ರೆ ಬೇಜಾರಾಗುತ್ತೆ.”

“ನಿಮಗೆ ಬೇಜಾರಾಗುತ್ತೆ ಅಂದ್ರೆ... ಒಂದೇ ಒಂದು ಮಿಸ್.”

“ಸೋತ್ಬುಟ್ಲು!” ಎಂದು ದೊಡ್ಡಮ್ಮ ತಲೆ ಚಚ್ಚಿಕೊಂಡರು. ಸಂಜೆಯ ಹೊತ್ತಿಗೆ ತಟ್ಟೆ ಖಾಲಿ, ವಿರೋಧವೂ ಖಾಲಿ. ನಾನಂತೂ ಒಮ್ಮೆಯೂ ಬೇಡ ಎನ್ನದೆ ತಿಂದೆ ಎಂದು ಅವರ ಆರೋಪ. ಇರಬಹುದು. ನನ್ನ ಡೈರಿಯಲ್ಲಿ ಆ ದಿನ ‘ಹೊಟ್ಟೆ ಭಾರ’ ಎಂದಷ್ಟೇ ಇದೆ.

ವಿರೋಧ ಹೇಗೆ ಮಾಡಬೇಕೆಂದು ತೋರಿಸಲು ದೊಡ್ಡಮ್ಮನೇ ಸಾಗುವಿನ ಮೇಲೆ ಅರ್ಧ ಗಂಟೆ ಹರಿಹಾಯ್ದರು. ಆಮೇಲೆ ನ್ಯಾಯವಾಗಿರಲಿ ಎಂದು ಪರವಾಗಿ ಇನ್ನರ್ಧ ಗಂಟೆ. ಮರುದಿನ ಹೋಟೆಲಿನಲ್ಲಿ ಮಾಣಿ “ಸಾಗು ಹಾಕ್ಲಾ ಸಾರ್?” ಎಂದಾಗ ನನಗೆ ಸಾಗು ಇಷ್ಟವೋ ಅಲ್ಲವೋ ಎಂಬುದೇ ನೆನಪಾಗಲಿಲ್ಲ!

ಸ್ಪರ್ಧೆಯ ದಿನ ಬಂತು. “ಇವತ್ತೂ ಕಾವ್ಯ ಎದುರಾಡ್ಲಿಲ್ಲ ಅಂದ್ರೆ ತಂಡ ಮುಚ್ಚಿಬುಡ್ತೀನಿ” ಎಂದು ದೊಡ್ಡಮ್ಮ ದಾರಿಯುದ್ದಕ್ಕೂ ಹೇಳುತ್ತ ಬಂದರು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಹೆದರಿದ್ದವರು ಮಕ್ಕಳಲ್ಲ, ಅವರು.

ವಿಷಯ: ‘ಮನೆಗೆಲಸ ಕೊಡುವುದನ್ನು ಶಾಲೆಗಳು ನಿಲ್ಲಿಸಬೇಕು’. ಸಿಂಚನಾ ಮನೆಗೆಲಸದ ಕಷ್ಟವನ್ನು ವರ್ಣಿಸಿದ ರೀತಿಗೆ ಒಬ್ಬ ತೀರ್ಪುಗಾರರ ಕಣ್ಣೇ ಒದ್ದೆಯಾಯಿತು. ಕಾವ್ಯ ಮೈಕಿನ ಮುಂದೆ ಬಂದಳು. ಅಭ್ಯಾಸ ಮಾಡಿದ್ದ ಮೊದಲ ವಾಕ್ಯ ಚೆನ್ನಾಗಿಯೇ ಬಂತು. ಆಮೇಲೆ ಪಕ್ಕದಲ್ಲಿದ್ದ ಗೆಳತಿಯನ್ನು ನೋಡಿದಳು. “ಆದರೆ ನನ್ನ ಎದುರಾಳಿ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ವಂದನೆಗಳು” ಎಂದು ಹೋಗಿ ಕೂತುಬಿಟ್ಟಳು. ಸಭೆಗೆ ಏನಾಯಿತೆಂದು ಅರ್ಥವಾಗಲಿಲ್ಲ. ಆದರೂ ಚಪ್ಪಾಳೆ ತಟ್ಟಿತು. ಮೈಸೂರಲ್ಲವೇ!

ಹೊರಗೆ ಮೆಟ್ಟಿಲ ಮೇಲೆ ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ, “ಸಾಕು ಬುಡಿ. ನಾಳೆಯಿಂದ ತಂಡ ಇಲ್ಲ. ಕಲಿಸೋದು ನನಗೆ ಬರಲ್ಲ” ಎಂದರು.

“ನೀವು ಹೇಳೋದೂ ಸರಿ ದೊಡ್ಡಮ್ಮ” ಎಂದೆ. ಸಮಾಧಾನ ಹೇಳುತ್ತಿದ್ದೇನೆಂದೇ ನಾನು ತಿಳಿದಿದ್ದೆ.

“ಇಲ್ಲ ಮಿಸ್.”

ಕಾವ್ಯ! ನಗುತ್ತಿರಲಿಲ್ಲ. ಕುತ್ತಿಗೆಯ ನರ ಉಬ್ಬಿತ್ತು.

“ಏನು ಇಲ್ಲ?”

“ನೀವೇಳಿದ್ದು ತಪ್ಪು ಮಿಸ್. ನಿಮಗೆ ಕಲಿಸೋಕೆ ಬರುತ್ತೆ. ಸೋತಿದ್ದು ನಾನು, ನೀವಲ್ಲ. ತಂಡ ಇರುತ್ತೆ.”

“ಇರಲ್ಲ ಅಂದೆನಲ್ಲ!”

“ನಾನು ಒಪ್ಪಲ್ಲ.”

“ಟೀಚರಿಗೇ ಎದುರು ಮಾತಾಡ್ತೀಯಾ?”

“ಮಾತಾಡ್ತೀನಿ ಮಿಸ್. ನೀವು ಸುಳ್ಳೇಳಿದ್ರೆ ಇನ್ನೇನು ಮಾಡ್ಲಿ?”

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಶುರುಮಾಡಿದರು ನೋಡಿ! ಇವರು ಒಂದು ಅಂದರೆ ಅವಳು ಒಂದು. ಇಲವಾಲದ ಬಸ್ಸು ಬಂತು, ಹೋಯಿತು. ಸಿಂಚನಾ ಕಂಗಾಲಾಗಿ “ಅಣ್ಣ, ಇವ್ರು ಜಗಳ ಆಡ್ತಾವ್ರಾ?” ಎಂದಳು. ನನಗೂ ಗೊತ್ತಾಗಲಿಲ್ಲ. ದೊಡ್ಡಮ್ಮನ ಧ್ವನಿ ಅಷ್ಟು ಏರಿದ್ದನ್ನು ದೊಡ್ಡಪ್ಪ ಹೋದ ಮೇಲೆ ನಾನು ಕೇಳಿರಲಿಲ್ಲ.

“ನಿನ್ನಂಥ ಮೊಂಡಿಯನ್ನ ನೋಡೇ ಇಲ್ಲ ಕಣೆ!” ಎಂದು ಗದರುತ್ತಲೇ ಅವರು ಕಾವ್ಯಳ ಭುಜ ಹಿಡಿದು ಅತ್ತ ತಿರುಗಿಸಿದರು. ಅವಳ ಒಂದು ಜಡೆಯ ರಿಬ್ಬನ್ ಬಿಚ್ಚಿಹೋಗಿತ್ತು. ಕೆಂಪು ರಿಬ್ಬನ್ನೋ ನೀಲಿಯೋ, ಈಗ ನೆನಪಿಲ್ಲ. ವಾದ ನಿಲ್ಲಿಸದೆ, ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ, ಅದನ್ನು ಹೂವಿನ ಹಾಗೆ ಕಟ್ಟುತ್ತಿದ್ದರು.