ಇರುವೆಗಳು ಒಪ್ಪದ ಯಜಮಾನ

ಆ ಹುಣ್ಣಿಮೆಯ ಬೆಳಿಗ್ಗೆ ಅರಸೀಕೆರೆಯ ಮೇಲೆ ಮೋಡ ಮುಚ್ಚಿಕೊಂಡಿತ್ತು. ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಹಗ್ಗದ ಮೇಲೆ ಹರವಿದ ಮಡಿಪಂಚೆ ಒಣಗದೆ ಜೋತುಬಿದ್ದಿತ್ತು. ಕನಕಾಂಬ ಹುರಿಯುತ್ತಿದ್ದ ರವೆಯ ಘಮ ಮನೆ ಬಿಟ್ಟು ಹೋಗಲಾರದೆ ಅಲ್ಲೇ ಕೂತಿತ್ತು.

ಅಂದು ಸತ್ಯನಾರಾಯಣ ಪೂಜೆ. ಗಂಡ ದಕ್ಷಿಣಾಮೂರ್ತಿ ರೈಲ್ವೆ ಸಿಗ್ನಲ್ ರಿಪೇರಿ ಕೆಲಸದಿಂದ ನಿವೃತ್ತರಾದ ಮೇಲೆ ಇದೇ ಮೊದಲನೆಯದು. ಇಷ್ಟು ವರ್ಷವೂ ಪೂಜೆಯ ದಿನವೇ ಅವರಿಗೆ ಡ್ಯೂಟಿ ಬೀಳುತ್ತಿತ್ತು. ಇವತ್ತೊಂದು ದಿನ ಪಕ್ಕದ ಮಣೆಯ ಮೇಲೆ ಅವರು ಕೂತರೆ ಸಾಕಪ್ಪಾ ಎಂದು ಅವಳು ದೇವರನ್ನು ಕೇಳಿಕೊಂಡಿದ್ದಳು. ದೇವರು ಕೇಳಿಸಿಕೊಳ್ಳುತ್ತಾನೆ, ನಡುವೆ ಇರುವೆ ಬಂದರೆ ಅವನಾದರೂ ಏನು ಮಾಡಿಯಾನು?

ಮದುವೆಗೆ ಮುಂಚೆ ದಕ್ಷಿಣಾಮೂರ್ತಿ ಗಾಜಿನ ಡಬ್ಬಿಗಳಲ್ಲಿ ಇರುವೆ ಸಾಕುತ್ತಿದ್ದರು. ಮದುವೆಯಾದ ಮೇಲೆ ಬಿಟ್ಟರು. ನಿವೃತ್ತಿಯ ಮರುದಿನವೇ ಅಂಗಳದಾಚೆಯ ಕೋಣೆಯಲ್ಲಿ ಡಬ್ಬಿಗಳು ಮತ್ತೆ ಎದ್ದವು. ಊಟದ ತಟ್ಟೆ ಅಲ್ಲಿಗೆ, ಹಾಸಿಗೆ ಅಲ್ಲಿಗೆ. "ಬಾಗಿಲು ಹಾಕೇ, ರಾಣಿಗೆ ಥಂಡಿಯಾಗುತ್ತೆ!" ಎಂದು ಅಲ್ಲಿಂದಲೇ ಕೂಗುವರು. ರಾಣಿಯೆಂದರೆ ಇರುವೆ. ಕನಕಾಂಬಳಿಗೆ ಥಂಡಿಯಾದೀತೆಂದು ಆ ಮನೆಯಲ್ಲಿ ಯಾರೂ ಎಂದೂ ಬಾಗಿಲು ಹಾಕಿದವರಲ್ಲ.

"ಕನಕಾ, ಬಾ ಇಲ್ಲಿ! ಇನ್ಮೇಲೆ ನೀನು ಕಸಪೊರಕೆ ಮುಟ್ಟೋ ಹಾಗೇ ಇಲ್ಲ!"

ನಡುಮನೆಯಲ್ಲಿ ಸೈಕಲ್ ಪಂಪಿಗೆ ಹಿತ್ತಾಳೆ ಕೊಳವೆ ಸಿಕ್ಕಿಸಿದ ಯಂತ್ರವೊಂದು ಬುಸುಗುಡುತ್ತಿತ್ತು.

"ಇರುವೆ ತನ್ನ ಗೂಡನ್ನ ವಾಸನೆಯಿಂದ ಗುರುತಿಸುತ್ತೆ ಕಣೇ. ಇದು ನಮ್ಮನೆ ವಾಸನೇನ ಸಾವಿರಪಟ್ಟು ಮಾಡಿ ಊದುತ್ತೆ. ಇರುವೆಗಳು ಇದೇ ನಮ್ಮ ಗೂಡು ಅಂದ್ಕೊಂಡು, ಬೇರೆ ವಾಸನೆ ಕಸಾನೆಲ್ಲ ಹೊತ್ತು ಆಚೆ ಹಾಕುತ್ವೆ!"

"ಭಟ್ಟರು ಬರೋ ಹೊತ್ತು. ಮೊದಲು ಸ್ನಾನ ಮಾಡ್ರೀ."

"ಎರಡೇ ನಿಮಿಷ! ಮನೆ ವಾಸನೆ ಗಟ್ಟಿಯಾಗಿ ಹಿಡಿದಿರೋದು ಏನಾದ್ರೂ ಕೊಡು." ಅವಳು ಕೊಡುವ ಮೊದಲೇ ಅವಳ ಕೈಯಲ್ಲಿದ್ದ ಮಸಿಬಟ್ಟೆಯನ್ನು ಕಿತ್ತು ಯಂತ್ರದ ಬಾಯಿಗೆ ತುರುಕಿದರು.

ಇರುವೆಗಳು ಬಂದವು. ಗೋಡೆಯ ಬಿರುಕಿನಿಂದ, ಬೀದಿಯಿಂದ, ಸಂತೆಯ ಬೆಲ್ಲದಂಗಡಿಗಳಿಂದಲೂ ರಜೆ ಹಾಕಿ ಬಂದವು! ಮೊದಲು ಒಂದು ಒಣಗಿದೆಲೆ ಹೊರಗೆ ಹೋಯಿತು. "ನೋಡಿದ್ಯಾ!" ಎಂದು ಯಜಮಾನರು ತೊಡೆ ತಟ್ಟಿದರು. ಆಮೇಲೆ ಅವರ ನಶ್ಯದ ಡಬ್ಬಿ ಹೋಯಿತು. ಕನ್ನಡಕ ಹೋಯಿತು.

"ಏಯ್! ಅದು ಕಸ ಅಲ್ರೋ!"

ಆರಿಸಲು ಓಡಿದರೆ ಯಂತ್ರವೇ ಹೊಸಿಲು ದಾಟುತ್ತಿತ್ತು! ಅವರ ಕೈವಾಸನೆಯ ಯಂತ್ರ ಚರಂಡಿಗೆ ಬಿತ್ತು. ಇರುವೆಗಳ ಇನ್ನೊಂದು ದಂಡು ಕೋಣೆಗೂ ನುಗ್ಗಿ ರಾಣಿಯ ಡಬ್ಬಿಯನ್ನು ಹೊತ್ತು ಬೀದಿಗಿಟ್ಟಿತು. ಕೊನೆಗೆ ದಕ್ಷಿಣಾಮೂರ್ತಿಗಳ ಪಾದ ನೆಲ ಬಿಟ್ಟಿತು. ಅಂಗಾತ ಮಲಗಿದ ಭಂಗಿಯಲ್ಲಿ, ಕಪ್ಪು ಪಲ್ಲಕ್ಕಿಯ ಮೇಲೆ ತೇಲುತ್ತಾ ಹೋಗಿ ಕಸದ ತೊಟ್ಟಿಯ ಪಕ್ಕ ಇಳಿದರು. ಎದ್ದು ಹಿತ್ತಲಿಂದ ಒಳಗೆ ನುಗ್ಗಿದರೆ ಹಿತ್ತಲಿಂದಲೇ ಮತ್ತೆ ಮೆರವಣಿಗೆ!

"ಏನು ಸ್ವಾಮೀ, ಬೆಳಬೆಳಿಗ್ಗೇನೇ ಉತ್ಸವ?" ಎಂದಳು ಪಕ್ಕದ ಮನೆಯ ಜಲಜಾಕ್ಷಿ, ಗೋಡೆಯ ಮೇಲಿಂದ.

ಕನಕಾಂಬ ನಗಲಿಲ್ಲ. ಇರುವೆಗಳು ಅವಳ ಕಾಲು ಸುತ್ತಿಕೊಂಡು ಹೋಗುತ್ತಿದ್ದವು. ಅವಳ ಒಂದು ಚಮಚವನ್ನೂ ಮುಟ್ಟಿರಲಿಲ್ಲ.

"ನಿಮ್ಮ ಮೈಗೆ ಈ ಮನೆ ವಾಸನೇನೇ ಹತ್ತಿಲ್ವಲ್ರೀ" ಎಂದಳು ಮೆಲ್ಲಗೆ.

"ಯಂತ್ರ ಊದಿದ ವಾಸನೆ ಗೋಡೆಗೆ ಹಿಡಿದುಬಿಟ್ಟಿದೆ. ಸುಣ್ಣ ಹೊಡೆಯೋವರೆಗೂ ಹೋಗಲ್ಲ" ಎಂದರು ದಕ್ಷಿಣಾಮೂರ್ತಿ, ಮೆಟ್ಟಿಲ ಕೆಳಗಿಂದ.

"ಹಾಗಿದ್ರೆ ಜಗಲಿ ಮೇಲೆ ಕೂತು ಸಜ್ಜಿಗೆಗೆ ಒಂಚೂರು ಏಲಕ್ಕಿ ಕುಟ್ಟಿಕೊಡಿ. ನನ್ನ ಹಳೇ ಸೀರೆ ಹೊದ್ದು ಬಾಳೆಹಣ್ಣು ಸುಲೀರಿ. ಕೈಗೆ ವಾಸನೆ ಹತ್ತಿದ್ರೆ ಒಳಗೆ ಬಿಟ್ಟಾವು. ಒಂದು ಗಳಿಗೆ ಸಾಕು."

ದಕ್ಷಿಣಾಮೂರ್ತಿ ಕುಟ್ಟಾಣಿಯನ್ನು ನೋಡಿದರು, ಬೀದಿಯನ್ನು ನೋಡಿದರು. "ಇರೇ, ರಾಣಿ ಚರಂಡಿ ಪಕ್ಕ ಬಿದ್ದಿದ್ದಾಳೆ. ಮೊದಲು ಅವಳನ್ನ ನೋಡ್ತೀನಿ" ಎಂದು ಹೊರಟೇಹೋದರು.

ಭಟ್ಟರು ಬಂದರು. ಇರುವೆಗಳು ಅವರ ಪಾದ ಮೂಸಿ ದಾರಿ ಬಿಟ್ಟವು.

"ವರ್ಷಕ್ಕೆ ನಾಲ್ಕು ಸಲ ನಿಮ್ಮ ಅಡುಗೆಮನೆ ಬಾಗಿಲಲ್ಲಿ ಕೂತು ಉಂಡಿದ್ದೇನಲ್ಲಮ್ಮ, ಗುರುತು ಹತ್ತಿತು. ಯಜಮಾನರು?"

"ಬರ್ತಾರೆ."

ಕಾದರು. ಹಣೆಗೆ ಹಚ್ಚಿಕೊಂಡ ಗಂಧ ಒಣಗಿತು. ಗಂಡನಿಲ್ಲದಿದ್ದರೆ ಅವನ ಶಲ್ಯವನ್ನಾದರೂ ಮಣೆಯ ಮೇಲಿಡುವುದು ಅವರ ಮನೆಯ ಪದ್ಧತಿ. ಇಟ್ಟಳು, ಇರುವೆಗಳು ಎಳೆದೊಯ್ದವು. ತಂದು ಮತ್ತೆ ಇಟ್ಟಳು, ಮತ್ತೆ ಒಯ್ದವು. ಆಮೇಲೆ ತರಲಿಲ್ಲ.

"ಶುರು ಮಾಡಿ, ಭಟ್ಟರೇ."

ಕತೆ ನಡೆಯುವಾಗ ತೆರೆದ ಬಾಗಿಲಿನಾಚೆ ದಕ್ಷಿಣಾಮೂರ್ತಿ ಕಾಣುತ್ತಿದ್ದರು. ಗಾಜಿನ ಡಬ್ಬಿಯನ್ನು ಎದೆಗವಚಿ, ಬಾಯಿಯಿಂದ ಬಿಸಿಯುಸಿರು ಊದುತ್ತಾ "ಹೆದರಬೇಡ ಪುಟ್ಟಾ, ನಾನಿದೀನಿ" ಎನ್ನುತ್ತಿದ್ದರು. ಕನಕಾಂಬ ದೇವರ ಕಡೆ ತಿರುಗಿ ಕೂತಳು.

ಮಂಗಳಾರತಿಯಾಯಿತು. ದಂಪತಿ ಪೂಜೆಯ ಪದ್ಧತಿಯಂತೆ ಅವಳು ಭಟ್ಟರಿಗೆ ವೀಳ್ಯದೆಲೆಯ ಮೇಲೆ ಗಂಡನದೊಂದು, ತನ್ನದೊಂದು ಎಂದು ಜೋಡಿ ತೆಂಗಿನಕಾಯಿ ಇಟ್ಟು ಕೊಟ್ಟಳು. ಭಟ್ಟರು ಬರಿದಾಗಿದ್ದ ಮಣೆಯನ್ನೊಮ್ಮೆ ನೋಡಿದರು. ಒಂದು ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು, ಇನ್ನೊಂದನ್ನು ತಿರುಗಿ ಅವಳ ಮಡಿಲಿಗೆ ಇಟ್ಟು, ಮೆಟ್ಟಿಲಿಳಿದು ಹೋದರು.