ಅವತರಣದ ಆರತಿ

ಬಹಳ ಹಿಂದೆ, ಸುಳ್ಳು ಹೇಳುವವರು ಕೊಂಚವಾದರೂ ನಾಚುತ್ತಿದ್ದ ಕಾಲದಲ್ಲಿ, ಗಗನಾವತಿಯೆಂಬ ರಾಜ್ಯವಿತ್ತು. ಅಲ್ಲಿನ ವಿಮಾನಗಳು ಆಗಾಗ ಬೀಳುತ್ತಿದ್ದವು. ಬೀಳುವುದರಿಂದ ಯಾರೂ ಸಾಯುತ್ತಿರಲಿಲ್ಲ. ಬಿದ್ದ ಮೇಲೆ, ಒಡೆದ ಟ್ಯಾಂಕಿನಿಂದ ಚೆಲ್ಲಿದ ಇಂಧನಕ್ಕೆ ಕಿಡಿ ತಗುಲಿ ಸಾಯುತ್ತಿದ್ದರು.

ಟ್ಯಾಂಕಿನೊಳಗೆ ಹರಿಯದ ರಬ್ಬರು ಚೀಲವಿಟ್ಟರೆ ಇಂಧನ ಚೆಲ್ಲದೆಂದು ವಿಮಾನಮಂತ್ರಿ ಗುಣಭದ್ರನಿಗೆ ಗೊತ್ತಿತ್ತು. ಚೀಲದ ಭಾರಕ್ಕೆ ಜಾಗ ಮಾಡಲು ಪ್ರತಿ ವಿಮಾನದಲ್ಲಿ ವಿರಾಜಿಸುವ ಮಹಾರಾಜ ಪ್ರತಾಪತುಂಗನ ಕಂಚಿನ ಪ್ರತಿಮೆಯನ್ನು ಇಳಿಸಬೇಕೆಂಬುದೂ ಗೊತ್ತಿತ್ತು. ಆದ್ದರಿಂದ ಆಸ್ಥಾನದಲ್ಲಿ ಕೈಮುಗಿದು ಬಿನ್ನವಿಸಿದ: "ಪ್ರಭೂ, ತಮ್ಮ ಆಳ್ವಿಕೆಯಲ್ಲಿ ವಿಮಾನ ಬೀಳುವುದುಂಟೆ? ಅದು ಅವತರಣ."

"ಹಾಗಾದ್ರೆ ಸ್ವಾಗತ ಬೇಡವೇನಯ್ಯಾ?" ಎಂದ ಮಹಾರಾಜ. "ಇಳಿದ ವಿಮಾನಕ್ಕೆ ಆರತಿ ಎತ್ತೋದು ನಮ್ಮ ವಂಶದ ಪದ್ಧತಿ. ಇವಕ್ಕೂ ಎತ್ತಿಸು. ಪ್ರೋಟೋಕಾಲ್ ಅಂದ್ರೆ ಪ್ರೋಟೋಕಾಲ್."

ವಿಮಾನ ಬಿತ್ತೆಂದವನು ರಾಜದ್ರೋಹಿಯೆಂದು ಅಂದೇ ಡಂಗುರವಾಯಿತು.

ಹೀಗಿರಲು ಒಂದು ಮಧ್ಯಾಹ್ನ, ಗುಣಭದ್ರನ ಪತ್ನಿ ಕನಕಮಾಲೆ ತವರಿನಿಂದ ಬರುತ್ತಿದ್ದ ವಿಮಾನವು ಜೋಳದ ಹೊಲದಲ್ಲಿ ಅವತರಿಸಿತು. ಗುಣಭದ್ರ ಏದುಸಿರು ಬಿಡುತ್ತ ಓಡಿಬಂದ. ಒಳಗೆ ಎಲ್ಲರೂ ಬದುಕಿದ್ದರು. ನೇಗಿಲ ಸಾಲಿನಲ್ಲಿ ಇಂಧನ ಹರಿಯುತ್ತಿತ್ತು. ಆಚೆಯಿಂದ ಅರಮನೆಯ ಸ್ವಾಗತಾಧಿಕಾರಿ ಮಂಜುಘೋಷೆ ಉರಿಯುವ ಪಂಚಾರತಿ ಹಿಡಿದು ಬರುತ್ತಿದ್ದಳು; ಹಿಂದೆ ನಾಗಸ್ವರ, ಟೀವಿಯವರು.

ಒಡೆದ ಕಿಟಕಿಯಿಂದ ಕನಕಮಾಲೆ ಕೂಗಿದಳು: "ರೀ, ಬಾಗಿಲು ಸಿಕ್ಕಿಹಾಕ್ಕೊಂಡಿದೆ. ಮೊದ್ಲು ಆ ದೀಪದವರನ್ನ ನಿಲ್ಲಿಸ್ರೀ."

ಗುಣಭದ್ರ ಅಡ್ಡ ನಿಂತ. "ಆರತಿ ಒಂಚೂರು ತಡ ಆಗ್ಲಿ, ತಾಯೀ."

"ಯಾಕೆ ಸ್ವಾಮಿ?" ಮಂಜುಘೋಷೆ ನಕ್ಕಳು. "ವಿಮಾನ ಏನಾದ್ರೂ ಬಿತ್ತೇ?"

ಮೈಕುಗಳು ಅವನ ಬಾಯಿಯತ್ತ ಚಾಚಿದವು.

"ಹೌದು ಅಂದ್ಬಿಡ್ರೀ," ಎಂದಳು ಕನಕಮಾಲೆ. "ಮಂತ್ರಿಗಿರಿ ಹೋದ್ರೆ ಹೋಗ್ಲಿ. ನಮ್ಮಪ್ಪನ ಮನೇಲಿ ಉಂಡ್ಕೊಂಡಿರೋಣ."

ಆ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ದೂರದಲ್ಲಿ ನಿಂತ ತನ್ನ ಬಾವುಟದ ಕಾರು ಗುಣಭದ್ರನ ಕಣ್ಣಿಗೆ ಬಿತ್ತು. ಮಾವನ ಮನೆಯ ಎತ್ತಿನ ಗಾಡಿಯೂ ನೆನಪಾಯಿತು.

"ಛೆ, ಎಲ್ಲಾದರೂ ಉಂಟೆ?" ಎಂದ. "ಮುಹೂರ್ತ ನೋಡಿದ್ದೀರೋ ಇಲ್ವೋ ಅಂತ ಕೇಳ್ದೆ, ಅಷ್ಟೆ."

"ಮುಹೂರ್ತ ಇದೇ," ಎನ್ನುತ್ತ ಮಂಜುಘೋಷೆ ಮುಂದೆ ನಡೆದಳು. ಗುಣಭದ್ರ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆಮೇಲೆ ಇನ್ನೂ ದೂರ ಸರಿದ.

ಹೊಲ ಮೂರು ದಿನ ಉರಿಯಿತು. ಗುಣಭದ್ರ ಕಣ್ಣೊರೆಸಿಕೊಂಡು 'ಅವತರಣರತ್ನ' ಬಿರುದಿನ ಶಾಲಿಗೆ ಕತ್ತು ಬಗ್ಗಿಸಿದ. ಬಿರುದಿನ ಬಳಿಕ ಅವನು ಹೊರಡಿಸಿದ ಮೊದಲ ಆಜ್ಞೆಯಂತೆ, ಆರತಿ ತಟ್ಟೆಯ ಕಾಣಿಕೆಯನ್ನು ಅಂದಿನಿಂದ ಟಿಕೆಟಿನ ಜೊತೆಯಲ್ಲೇ ಮುಂಗಡವಾಗಿ ವಸೂಲು ಮಾಡತೊಡಗಿದರು. ಆರತಿಯಾದ ಮೇಲೆ ಕೊಡಲು ಯಾರೂ ಉಳಿಯುತ್ತಿರಲಿಲ್ಲ.