ಮೂಲ ಎಲ್ಲಿಂದ ಬಂತು

ನನಗೆ ಸಿಟ್ಟು ಜಾಸ್ತಿ ಎಂದು ರಾಯಚೂರಿನಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಸಿಟ್ಟು ತರಿಸುವಂಥ ಸಂಗತಿಗಳು ನನ್ನ ಮನೆ ವಿಳಾಸ ಕೇಳಿಕೊಂಡೇ ಬಂದರೆ ನಾನೇನು ಮಾಡಲಿ? ವಾರದಲ್ಲಿ ಆರು ದಿನ ಬಸ್ಸಿನಲ್ಲಿ ಮಾನ್ವಿಗೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಏಳನೆಯ ದಿನ ರಾಯಚೂರಿನ ನಮ್ಮ ಸಣ್ಣ ಚರ್ಚಿನಲ್ಲಿ ಬೈಬಲ್ ಓದುತ್ತೇನೆ. ಈ ಎರಡು ಕೆಲಸಗಳ ನಡುವೆ ನನಗೆ ಯಾವತ್ತೂ ಜಗಳ ಕಂಡಿಲ್ಲ. ಕಾಣುವುದೆಲ್ಲ ಉಳಿದವರಿಗೆ. ಶಾಲೆಯವರು ನನ್ನನ್ನು ಬೈಬಲ್ ಮೇಡಂ ಅನ್ನುತ್ತಾರೆ, ಚರ್ಚಿನವರು ಸೈನ್ಸ್ ಮೇಡಂ ಅನ್ನುತ್ತಾರೆ. ಎರಡೂ ಕಡೆ ಅದು ಹೊಗಳಿಕೆಯಲ್ಲ.

೧. ಕೆಂಪು ಉಳ್ಳಾಗಡ್ಡಿ

ನಮ್ಮ ಶಾಲೆಗೆ ಹೊಸ ಸೂಕ್ಷ್ಮದರ್ಶಕ ಬಂತು. ಹಳೆಯದರಲ್ಲಿ ಜೇಡರ ಬಲೆ ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ, ಹಾಗಾಗಿ ನನಗೆ ಹಬ್ಬ. ಡಬ್ಬಿಯ ಟೇಪಿಗೆ ಬ್ಲೇಡು ಹಾಕಬೇಕು, ಅಷ್ಟರಲ್ಲಿ ಗಣಿತದ ಮೇಷ್ಟ್ರು ಕೈ ಅಡ್ಡ ಹಿಡಿದರು.

"ಇವತ್ತ ಬ್ಯಾಡ್ರಿ ಮೇಡಂ. ಅಮಾಸಿ ಮುಂದ ಅದ."

ಅಮಾವಾಸ್ಯೆ ಹೋಯಿತು. ಆಮೇಲೆ ಮಂಗಳವಾರ ಬಂತು, ಆಗಲಿಲ್ಲ. ಆಮೇಲೆ ಒಂದು ದಿನ ಎಲ್ಲ ಸರಿ ಇತ್ತು, ನನ್ನ ಪೀರಿಯಡ್ಡು ಮಾತ್ರ ರಾಹುಕಾಲದಲ್ಲಿ ಬಿದ್ದಿತ್ತು. ಒಂಬತ್ತನೆಯ ದಿನ ಡಬ್ಬಿ ತೆರೆದರು. ಊದಿನಕಡ್ಡಿ ಹಚ್ಚಿ, ನಿಂಬೆಹಣ್ಣು ಕೊಯ್ದು, ಯಂತ್ರಕ್ಕೆ ಅಡಿಯಿಂದ ಮುಡಿಯತನಕ ಕುಂಕುಮ ಇಟ್ಟರು. ಕಣ್ಣಿಟ್ಟು ನೋಡುವ ಗಾಜನ್ನೂ ಬಿಡಲಿಲ್ಲ. ನನಗೆ ಅದು ಗೊತ್ತಾಗಲಿಲ್ಲ. ಉಳ್ಳಾಗಡ್ಡಿಯ ಸಿಪ್ಪೆ ಇಟ್ಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಎಲ್ಲರೂ ನೋಡಿದರು, ಎಲ್ಲರೂ ಚಿತ್ರ ಬರೆದರು, ಎಲ್ಲರ ಚಿತ್ರದಲ್ಲೂ ಕೋಶಕೇಂದ್ರ ಕೆಂಪಗೆ ದುಂಡಗೆ ಇತ್ತು. ನೋಡಿದವರ ಕಣ್ಣಿನ ಸುತ್ತಲೂ ಅದೇ ಬಣ್ಣದ ಬಳೆ.

ಸ್ಟಾಫ್ ರೂಮಿನಲ್ಲಿ ನಾನು ಗಾಜು ಒರೆಸುತ್ತ ಹಲ್ಲು ಕಡಿಯುತ್ತ ಕೂತಿದ್ದೆ. ಮೇಷ್ಟ್ರು ಚಹಾ ಕುಡಿಯುತ್ತ ಕೇಳಿದರು: "ಒಂದು ಮಾತು ಕೇಳ್ತೀನ್ರಿ ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ಬೈಬಲ್‌ದಾಗ ಇಡೀ ಜಗತ್ತು ಆರು ದಿನಕ್ಕ ಆತು ಅಂತದಂತ. ಅದನ್ನ ನಂಬಿದವರು ಸೈನ್ಸ್ ಹೆಂಗ ಹೇಳ್ತೀರಿ?"

"ಜಗತ್ತಿಗೆ ಆರು ದಿನ ಸಾಕಾದವು ಸಾರ್," ಅಂದೆ. "ನಿಮಗ ಒಂದು ಡಬ್ಬಿ ತೆಗಿಯಾಕ ಒಂಬತ್ತು ದಿನ ಹಿಡೀತು."

೨. ದೇವರ ಭಾಷೆ

ಚರ್ಚಿನ ಕಥೆ ಬೇರೆ. ಅಲ್ಲಿ ಪಾಸ್ಟರು ಸಾಧು ಮನುಷ್ಯ, ಯಾರು ಏನು ಹೇಳಿದರೂ "ಅದೂ ಖರೇ" ಅನ್ನುವವರು. ನಿಜವಾದ ಯಜಮಾನಿಕೆ ನಡೆಸುವುದು ಕಮಿಟಿಯ ಹಿರಿಯರೊಬ್ಬರು. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಟರ್ಬೈನ್ ನೋಡಿಕೊಂಡು ರಿಟೈರ್ ಆದವರು. ಪ್ರತಿ ಭಾನುವಾರ ಒಂದು ದುಂಡನೆಯ ಗಾಳಿ ದಿಂಬು ಹಿಡಿದು ಬಂದು, ಮುಂದಿನ ಬೆಂಚಿನ ಮೇಲೆ ಅದನ್ನಿಟ್ಟು ಅದರ ಮೇಲೆ ಕೂರುತ್ತಾರೆ. ಕೇಳಿದವರಿಗೆಲ್ಲ ನಡ ನೋವು ಅನ್ನುತ್ತಾರೆ.

ಯುವಜನರ ಕೂಟದಲ್ಲಿ ಒಂದು ಹುಡುಗಿ ಎದ್ದು ನಿಂತು, "ಮೇಡಂ, ಬೈಬಲ್ ಯಾರು ಬರದಾರ್ರಿ?" ಎಂದು ಕೇಳಿದಳು. ಪ್ರಶ್ನೆ ಕೇಳಿದ ಮಗುವಿಗೆ ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ನೂರಾರು ವರ್ಷಗಳಲ್ಲಿ ಬಹಳ ಜನ ಬರೆದದ್ದು, ಹೀಬ್ರೂವಿನಲ್ಲಿ, ಗ್ರೀಕಿನಲ್ಲಿ, ಅದನ್ನು ನೋಡಿ ಇನ್ನೊಬ್ಬರು ಬರೆದುಕೊಂಡದ್ದು, ಅವರದನ್ನು ನೋಡಿ ಮತ್ತೊಬ್ಬರು. ಕನ್ನಡಕ್ಕೆ ಬಂದದ್ದು ತೀರ ಇತ್ತೀಚೆಗೆ ಎಂದೆ. ದೇವರು ಮಾತಾಡಿದ್ದು ಮನುಷ್ಯರ ಕೈಯಿಂದ ಎಂದೂ ಹೇಳಿದೆ. ಆ ಕೊನೆಯ ಮಾತು ಹಿಂದೆ ಕೂತಿದ್ದ ಹಿರಿಯರಿಗೆ ಕೇಳಿಸಲಿಲ್ಲ.

"ಮನುಷ್ಯರು ಬರದಾರಂದ್ರ ಏನರ್ಥ ಮೇಡಂ?" ಹಿರಿಯರು ಎದ್ದು ನಿಂತರು. "ಒಂದೊಂದು ಅಕ್ಷರನೂ ದೇವರದು. ಒಂದಕ್ಷರ ಹೆಚ್ಚು ಮಾಡಬಾರದು, ಒಂದಕ್ಷರ ಬಿಡಬಾರದು. ಹೀಬ್ರೂ ಗೀಬ್ರೂ ನನಗ ಹೇಳಬ್ಯಾಡ್ರಿ. ನಮ್ಮಪ್ಪಗ ಕನ್ನಡ ಬಿಟ್ಟು ಬ್ಯಾರೆ ಭಾಷಾ ಬರ್ತಿರಲಿಲ್ಲ. ದಿನಾ ದೇವರ ಜೊತಿ ಮಾತಾಡ್ತಿದ್ದ. ದೇವರು ಒಮ್ಮೆನೂ ತಿಳೀಲಿಲ್ಲ ಅನಲಿಲ್ಲ."

ಮಕ್ಕಳು ನಕ್ಕರು, ನನಗೂ ನಗು ಬಂತು. ಮುಂದಿನ ವಾರ ಕಮಿಟಿಯ ಪತ್ರ ಬಂದಾಗ ನಗು ನಿಂತಿತು. ಬೈಬಲಿನ ಮೂಲ ದೇವರೇ ಹೊರತು ಮನುಷ್ಯರಲ್ಲ ಎಂದು ನಾನು ಬರೆದುಕೊಡಬೇಕು. ಅಲ್ಲಿಯವರೆಗೆ ಭಾನುವಾರದ ಓದು ಬೇರೆಯವರಿಗೆ.

ಇಪ್ಪತ್ತೆರಡು ವರ್ಷದಿಂದ ನಾನು ಓದುತ್ತಿದ್ದೇನೆ. ನನಗಿಂತ ಮೊದಲು ನಮ್ಮವ್ವ ಓದುತ್ತಿದ್ದಳು. ಶಾಲೆಯ ಕಟ್ಟೆ ಹತ್ತಲು ಬಿಡದ ಊರಲ್ಲಿ ಹುಟ್ಟಿದವಳು ಅವಳು. ಅವಳ ಕೈಗೆ ಯಾರಾದರೂ ಕೊಟ್ಟ ಮೊದಲ ಪುಸ್ತಕ ಈ ಬೈಬಲ್ಲು. ಇದರಲ್ಲೇ ಅಕ್ಷರ ಕಲಿತಳು, ನನಗೂ ಇದರಲ್ಲೇ ಕಲಿಸಿದಳು. ಹೊಲದಿಂದ ಬಂದವಳು ಬೆರಳಿಟ್ಟು ಓದಿದ ಸಾಲುಗಳ ಕೆಳಗೆ ಇವತ್ತಿಗೂ ಕಪ್ಪು ಮಣ್ಣಿನ ಗುರುತಿದೆ. ಪುಸ್ತಕಕ್ಕೆ ಮನುಷ್ಯರ ಕೈ ತಾಗಿದರೆ ಅದು ಸಣ್ಣದಾಗುತ್ತದೆ ಎಂದು ನನಗೆ ಹೇಳಲು ಇವರು ಯಾರು? ಆ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅವ್ವನ ಬೈಬಲಿನೊಳಗೇ ಇಟ್ಟೆ. ಹರಿದು ಹಾಕಿದರೆ ಸಿಟ್ಟು ಮರೆತುಹೋಗಬಹುದು ಎಂಬ ಭಯ.

೩. ಹಸಿರು ಇಂಕು

ಅದೇ ವಾರ ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ತೀರ್ಪು ಕೊಡಲು ದೇವದುರ್ಗಕ್ಕೆ ಹೋಗಬೇಕಾಯಿತು. ಬಸ್ಸಿನಲ್ಲಿ ಅವ್ವನ ಬೈಬಲ್ ತೆಗೆದು ಕೂತಿದ್ದೆ. ಪಕ್ಕದಲ್ಲಿ ಬಿಳಿ ಅಂಗಿಯ ವಯಸ್ಸಾದವರೊಬ್ಬರು. ರಿಟೈರ್ ಆದ ಸರಕಾರಿ ಹೆಡ್‌ಮಾಸ್ಟರು, ಗೆಜೆಟೆಡ್ ಆಫೀಸರು ಎಂದು ತಾವೇ ಹೇಳಿಕೊಂಡರು. ಪುಸ್ತಕದ ಮೇಲೆ ಕಣ್ಣಿಟ್ಟು ಕೇಳಿದರು:

"ಇದರ ಒರಿಜಿನಲ್ ಎಲ್ಲದ್ರಿ?"

"ಒರಿಜಿನಲ್ ಇಲ್ರಿ."

"ಇಲ್ಲಂದ್ರ?"

"ಬರದವರ ಕೈಯಿಂದ ಬರದದ್ದು ಒಂದೂ ಉಳಿದಿಲ್ರಿ. ಇರೂದೆಲ್ಲ ನಕಲಿನ ನಕಲು."

"ನಕಲು ಸರಿ ಅದ ಅಂತ ಯಾರು ಸೈನ್ ಹಾಕ್ಯಾರ?"

"ಯಾರೂ ಇಲ್ರಿ."

ಅವರು ತಲೆ ಅಲ್ಲಾಡಿಸಿದರು. "ಒರಿಜಿನಲ್ ಇಲ್ಲ, ಅಟೆಸ್ಟೇಶನ್ ಇಲ್ಲ. ನಡಿಯಂಗಿಲ್ಲ ತಂಗೀ."

ಒಂದು ಕಡೆ ಮನುಷ್ಯರ ಕೈಯೇ ಬೇಡ ಅನ್ನುವವರು, ಇನ್ನೊಂದು ಕಡೆ ಮನುಷ್ಯರ ಸಹಿ ಇಲ್ಲದೆ ನಡೆಯುವುದಿಲ್ಲ ಅನ್ನುವವರು. ನನಗೆ ತಲೆ ಸಿಡಿಯಿತು. "ನಿಮ್ಮ ಹೊಲದ ಹಳೇ ಕಾಗದದ ಒರಿಜಿನಲ್ ಅದಾವೇನ್ರಿ?" ಎಂದು ಕೇಳಿದೆ.

"ಎಲ್ಲಿಯವ್ವ. ನಮ್ಮಜ್ಜನ ಪೆಟ್ಟಿಗ್ಯಾಗೇ ಗೆದ್ದಲು ತಿಂದಾವು."

"ಹೊಲ ನಿಮ್ಮದು ಹೌದೋ ಅಲ್ಲೋ?"

"ಏನು ಮಾತಂತ ಆಡ್ತಿ? ಮೂರು ತಲಿಯಿಂದ ಉಳಾಕತ್ತೀವಿ."

"ನಾವೂ ಓದಾಕತ್ತೀವಿ," ಅಂದು ಪುಸ್ತಕಕ್ಕೆ ಮುಖ ಹಾಕಿದೆ.

ಅವರು ಕಿಟಕಿಯ ಹೊರಗೆ ನೋಡುತ್ತ ಏನೋ ಲೆಕ್ಕ ಹಾಕುತ್ತಿದ್ದರು. ದೇವದುರ್ಗದ ಸ್ಟ್ಯಾಂಡಿನಲ್ಲಿ ಇಳಿಯುವಾಗ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಾ ರಿಟೈರ್ ಆಗಿಬಿಟ್ಟೀನಿ ತಂಗೀ. ಇಲ್ಲಂದ್ರ ನಾನೇ ಹಸಿರು ಇಂಕಿನಾಗ ಸೈನ್ ಮಾಡಿ ಕೊಡ್ತಿದ್ದೆ."

೪. ಮೂಲ

ನಾನು ಬರೆದುಕೊಡಲಿಲ್ಲ. ಹಿರಿಯರು ಬಿಡಲಿಲ್ಲ. ನಡುವೆ ಸಿಕ್ಕ ಪಾಸ್ಟರು ಒಂದು ಉಪಾಯ ಮಾಡಿದರು. ಶನಿವಾರ ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಬಹಿರಂಗ ಚರ್ಚೆ. ಒಂದು ಕಡೆ ಹಿರಿಯರು, ಒಂದು ಕಡೆ ನಾನು. ಎಲ್ಲರೂ ಕೇಳಲಿ, ಅದು ಮುಗಿದ ಮೇಲೆ ನನ್ನ ಓದಿನ ವಿಷಯ ಅಲ್ಲೇ ತೀರ್ಮಾನವಾಗಲಿ.

ಫ್ಲೆಕ್ಸ್ ಅಂಗಡಿಗೆ ಅವರು ಬರೆದುಕೊಟ್ಟದ್ದು 'ಬೈಬಲಿನ ಮೂಲ: ಧರ್ಮ ಮತ್ತು ವಿಜ್ಞಾನ' ಎಂದು. ಅಂಗಡಿಯವನು ಮೂಲ ಎಂಬ ಎರಡಕ್ಷರವನ್ನು ಆಳೆತ್ತರ, ಕೆಂಪು ಬಣ್ಣದಲ್ಲಿ ಹಾಕಿ, ಉಳಿದದ್ದನ್ನೆಲ್ಲ ಇರುವೆ ಸಾಲಿನ ಹಾಗೆ ಮೂಲೆಗೆ ತಳ್ಳಿದ್ದ. ಕೆಳಗೆ ತನ್ನ ಕಡೆಯಿಂದ 'ಪ್ರವೇಶ ಉಚಿತ, ಎಲ್ಲಾ ಸಂಶಯಗಳಿಗೆ ಪರಿಹಾರ' ಎಂದು ಸೇರಿಸಿದ್ದ. ನಾನು ಹೋಗಿ ಬೈದೆ. "ದೊಡ್ಡ ಅಕ್ಷರ ಇದ್ರ ಮಂದಿ ಬರ್ತಾರ್ರಿ ಮೇಡಂ," ಅಂದ.

ಬಂದರು. ನಮ್ಮವರೇ ಐವತ್ತು ಜನ, ಜೊತೆಗೆ ಹಣೆಗೆ ವಿಭೂತಿ, ಹೆಗಲಿಗೆ ಟವೆಲ್ ಇದ್ದ ರೈತರೊಬ್ಬರು. ಚಂದ್ರಬಂಡದವರಂತೆ. ಬಾಗಿಲ ಪಕ್ಕ ಗೋಡೆಗೆ ಕೈ ಊರಿ ನಿಂತರು. ಪಾಸ್ಟರು ಕುರ್ಚಿ ಕೊಟ್ಟರೆ, "ಬ್ಯಾಡ್ರಿ, ನಿಂತೇ ಕೇಳ್ತೀನಿ" ಅಂದರು.

ಹಿರಿಯರು ದಿಂಬನ್ನು ಕುರ್ಚಿಯ ಮೇಲೆ ಬಿಟ್ಟು ಎದ್ದು, ಕೈಮೈಕು ಹಿಡಿದು ಒಂದು ಗಂಟೆ ಮಾತಾಡಿದರು. ವಿಜ್ಞಾನ ಬಂದು ನಂಬಿಕೆ ಹಾಳಾಯಿತು, ಓದಿದವರಿಂದ ಕೇಡಾಯಿತು, ಅದರಲ್ಲೂ ಓದಿದ ಹೆಂಗಸರಿಂದ. ಜೀವನವಿಡೀ ಮ್ಯಾನುಯಲ್ ನೋಡದೆ ಒಂದು ಸ್ವಿಚ್ ಒತ್ತದ ಮನುಷ್ಯ ಇದನ್ನು ಹೇಳುತ್ತಿದ್ದರು. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದೆ. ನನ್ನ ಸರದಿ ಬಂದಾಗ, ಅವ್ವನ ಬೈಬಲ್ ಎತ್ತಿ ತೋರಿಸಿ, ದೇವರು ಹೇಳಿದ್ದನ್ನು ಮನುಷ್ಯರು ಬರೆದರು ಅನ್ನುವುದರಲ್ಲಿ ಯಾರಿಗೆ ಅವಮಾನ ಎಂದು ಕೇಳಿದೆ. ರೈತರು ಇನ್ನೂ ನಿಂತೇ ಇದ್ದರು. ಕಾಲು ಬದಲಿಸುತ್ತ, ಆಗಾಗ ಕಣ್ಣು ಮುಚ್ಚುತ್ತ.

ಹಿರಿಯರ ಕಣ್ಣು ಅವರ ಮೇಲೆ ಬಿತ್ತು. "ಅಲ್ಲಿ ನೋಡ್ರಿ," ಅಂದರು. "ಬ್ಯಾರೆ ಧರ್ಮದವರು. ಎರಡು ತಾಸಾತು, ದೇವರ ಮಾತಿಗೆ ಮರ್ಯಾದಿ ಕೊಟ್ಟು ನಿಂತಾರ. ಕುರ್ಚಿ ಮ್ಯಾಲ ಕುಂತು ದೇವರನ್ನ ಪ್ರಶ್ನಿ ಕೇಳೂ ಮಂದಿ ಇವರನ್ನ ನೋಡಿ ಕಲೀಬೇಕು." ಆ ಮಂದಿ ನಾನೇ. ಅವರು ಮೈಕು ಹಿಡಿದು ರೈತರ ಹತ್ತಿರವೇ ಹೋದರು.

"ಯಜಮಾನ್ರ, ಈ ಮೂಲದ ವಿಚಾರ ನಿಮ್ಮನ್ನ ಎಷ್ಟು ದಿನದಿಂದ ಕಾಡಾಕತ್ತದ?"

"ಹನ್ನೊಂದು ವರ್ಷಾತ್ರಿ."

"ಕೇಳಿದ್ರಿಲ್ಲ? ಹನ್ನೊಂದು ವರ್ಷದ ಹುಡುಕಾಟ."

"ಒಮ್ಮೊಮ್ಮೆ ಕಣ್ಣಾಗ ನೀರ ಬರ್ತಾವ್ರಿ."

"ಬರಬೇಕು. ಪುಣ್ಯವಂತರಿಗೇ ಬರೂದು ಅದು. ಈಗ ಎಲ್ಲರ ಮುಂದ ನೀವೇ ಹೇಳ್ರಿ. ಮೂಲ ದೇವರಿಂದ ಬಂತೋ, ಮನುಷ್ಯರಿಂದ ಬಂತೋ?"

ರೈತರು ಸ್ವಲ್ಪ ಯೋಚಿಸಿದರು. "ದೇವರ ಮ್ಯಾಲ ಯಾಕ ಹಾಕೂದ್ರಿ ಯಪ್ಪಾ. ಅತಿ ಖಾರ ತಿಂದು ಬಂದದ. ಕುಂದ್ರಾಕ ಆಗಂಗಿಲ್ಲ. ಬೋರ್ಡ್ ನೋಡಿ ಬಂದೀನಿ, ಔಷಧ ಯಾವಾಗ ಕೊಡ್ತೀರಿ?"

ಹಾಲ್‌ನಲ್ಲಿ ನಗು ಎದ್ದಿತು. ಬೆಂಚು ಬಡಿದು ನಕ್ಕರು, ಪಾಸ್ಟರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ರೈತರು ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದರು. ಅದನ್ನು ನೋಡಿ ನನ್ನ ಸಿಟ್ಟು ನೆತ್ತಿಗೇರಿತು. "ನೋವಾದ ಮನುಷ್ಯ ಎರಡು ತಾಸು ನಿಂತಾನ," ಎಂದು ಕೂಗಿದೆ. "ಎಲ್ಲಿಂದ ಬಂತು ಅಂತ ಜಗಳಾಡಿದಿರಿ, ಈಗ ಹಲ್ಲು ಕಿಸೀತೀರಿ. ಏನಾಗ್ಯದ ಅಂತ ಒಬ್ಬರರ ಕೇಳಿದಿರೇನು?" ನಾನೂ ಕೇಳಿರಲಿಲ್ಲ. ಅದಕ್ಕೇ ಅಷ್ಟು ಜೋರಾಗಿ ಕೂಗಿದ್ದಿರಬೇಕು.

ನಗು ನಿಂತಿತು. ಹಿರಿಯರ ಮುಖ ಸಣ್ಣದಾಯಿತು. ರೈತರ ಹೆಗಲ ಮೇಲೆ ಕೈಯಿಟ್ಟು ಗೋಡೆ ಕಡೆ ತಿರುಗಿಸಿ, ಗುಟ್ಟಾಗಿ ಮಾತಾಡಿದರು. ಅಷ್ಟು ವರ್ಷ ಟರ್ಬೈನ್ ನಡೆಸಿದವರಿಗೆ ಕೈಯಲ್ಲಿದ್ದ ಮೈಕು ಬಂದ್ ಮಾಡುವುದು ನೆನಪಾಗಲಿಲ್ಲ. ಹಾಲಿನ ನಾಲ್ಕೂ ಮೂಲೆಗೆ ಕೇಳಿಸಿತು:

"ಗ್ವಾಡಿ ಮ್ಯಾಲ ಬರದ ಔಷಧ ತಗೋಬ್ಯಾಡ್ರಿ. ನನಗೂ ಇತ್ತು. ಆ ದಿಂಬು ನಡಾ ನೋವಿಂದಲ್ಲ, ಇದರದು, ಈಗ ಬರೇ ರೂಢಿ. ಪ್ರಾರ್ಥನಿ ಮಾಡಿದೆ, ಆಮ್ಯಾಲ ಆಪರೇಷನ್ ಮಾಡಿಸಿದೆ. ದೇವರು ವಾಸಿ ಮಾಡಿದ."

"ದೇವರು ಮಾಡಿದನೋ, ಡಾಕ್ಟರು ಮಾಡಿದರೋ?" ಎಂದು ನಾನು ಇಲ್ಲಿಂದ ಕೇಳಿದೆ.

ಹಿರಿಯರು ತಿರುಗಿದರು. ಮೈಕು ನೋಡಿದರು, ನನ್ನನ್ನು ನೋಡಿದರು. "ದೇವರೇ ಮಾಡಿದ್ದು. ಡಾಕ್ಟರ ಕೈಯಿಂದ."

"ಅದನ್ನೇ ನಾನು ಹುಡುಗರಿಗೆ ಹೇಳಿದ್ದು," ಅಂದೆ.

"ಅದೂ ಖರೇ," ಅಂದರು ಪಾಸ್ಟರು. ಈ ಸಲ ಆ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಹಿರಿಯರು ಕೊನೆಗೂ ಮೈಕು ಬಂದ್ ಮಾಡಿ, "ನಾಳಿ ನೀವೇ ಓದ್ರಿ" ಅಂದರು. ಸೋಮವಾರ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋಗುತ್ತೇನೆಂದು ರೈತರಿಗೆ ಮಾತು ಕೊಟ್ಟು, ದಿಂಬನ್ನೂ ಅವರ ಕೈಯಲ್ಲಿಟ್ಟರು.

ಭಾನುವಾರ ಬೆಳಿಗ್ಗೆ ಯಾವ ಭಾಗ ಓದಲಿ ಎಂದು ಪಾಸ್ಟರನ್ನು ಕೇಳಿದೆ. ಸಂತೋಷದಲ್ಲಿದ್ದರು, "ನಿಮಗ ಬಿಟ್ಟದ್ದು" ಅಂದರು. ಹಳೆಯ ಒಡಂಬಡಿಕೆಯಲ್ಲಿ ಒಂದು ಅಧ್ಯಾಯವಿದೆ. ತಮ್ಮದಲ್ಲದ ಪವಿತ್ರ ಪೆಟ್ಟಿಗೆಯನ್ನು ಹೊತ್ತೊಯ್ದ ಪಟ್ಟಣದ ಜನಕ್ಕೆಲ್ಲ, ಚಿಕ್ಕವರು ದೊಡ್ಡವರೆನ್ನದೆ, ಒಂದು ಕಾಯಿಲೆ ಬರುತ್ತದೆ. ಹೊಸ ಪ್ರತಿಗಳಲ್ಲಿ ಅದನ್ನು ಬಾವು, ಗಡ್ಡೆ ಎಂದು ಮೆತ್ತಗೆ ಮಾಡಿದ್ದಾರೆ. ಅವ್ವನ ಹಳೆಯ ಬೈಬಲಿನಲ್ಲಿ ಹೆಸರು ಹಿಡಿದೇ ಬರೆದಿದೆ: ಮೂಲವ್ಯಾಧಿ. ಆ ಪುಟ ತೆರೆದು, ಅವ್ವನ ಬೆರಳಿನ ಗುರುತಿನ ಮೇಲೆ ನನ್ನ ಬೆರಳಿಟ್ಟೆ.

ದಿಂಬಿಲ್ಲದೆ ಬರೀ ಬೆಂಚಿನ ಮೇಲೆ ಕೂತಿದ್ದ ಹಿರಿಯರಿಗೆ ಎರಡನೆಯ ಸಾಲಿಗೇ ಗೊತ್ತಾಯಿತು. ಕೈ ಜೋಡಿಸಿ, ಬೇಡ ಎಂದು ಮೆಲ್ಲಗೆ ತಲೆ ಅಲ್ಲಾಡಿಸಿದರು.

ನಾನು ಪೂರ್ತಿ ಓದಿದೆ. ಒಂದಕ್ಷರ ಬಿಡಬಾರದು ಎಂದು ಹೇಳಿದವರು ಅವರೇ.